ಪರದೆ ನೋಡದೆ ವೆಬ್‌ಸೈಟ್ ಓದೋದು ಹೀಗೆ

ಕಣ್ಣು ಕಾಣದವರು ವೆಬ್‌ಸೈಟ್ ಹೇಗೆ ಓದ್ತಾರೆ? ಮೌಸ್ ಮುಟ್ಟದೆ, ಕೀಬೋರ್ಡ್ ಒತ್ತುತ್ತಾ, ಕಿವಿಯಿಂದ.

ಅವರ ಕಂಪ್ಯೂಟರಿನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ತಂತ್ರಾಂಶ, ಸ್ಕ್ರೀನ್ ರೀಡರ್, ಇರುತ್ತೆ. ಎನ್‌ವಿಡಿಎ ಅಂಥದ್ದೊಂದು. 2006ರಲ್ಲಿ ಅದನ್ನ ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣಲ್ಲ. ಎನ್‌ವಿಡಿಎ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತೆ.

ಮೇಲಿಂದ ಕೆಳಗಿನವರೆಗೆ ಎಲ್ಲವನ್ನೂ ಕೇಳ್ತಾ ಕೂರಬೇಕಿಲ್ಲ. ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಲಿಂಕ್, ಬಿ ಒತ್ತಿದರೆ ಬಟನ್. ಆದರೆ ಶೀರ್ಷಿಕೆಯನ್ನ ಬರೀ ದಪ್ಪಕ್ಷರದಲ್ಲಿ ಬರೆದಿದ್ದರೆ? ಎಚ್ ಒತ್ತಿದರೂ ಸಿಗಲ್ಲ. ಬಟನ್‌ಗೆ ಹೆಸರು ಕೊಡದಿದ್ದರೆ ‘ಬಟನ್’ ಅಂತಷ್ಟೇ ಕೇಳುತ್ತೆ. ಅದು ಹಣ ಕಟ್ಟೋದಾ, ರದ್ದು ಮಾಡೋದಾ?

ಕನ್ನಡಕ್ಕೆ ಇನ್ನೂ ಒಂದು ಕಷ್ಟ ಇದೆ. ಸರ್ಕಾರಿ ಆದೇಶವನ್ನ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಅದು ಬರೀ ಚಿತ್ರ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಬರಹ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೇಳೋರಿಗೆ ಒಂದು ಪದವೂ ತಿಳಿಯಲ್ಲ. ಇದು ನಿಜಕ್ಕೂ ಅನ್ಯಾಯ.

ಇಂಥ ಕಷ್ಟ ಕಣ್ಣು ಕಾಣದವರಿಗಷ್ಟೇ ಅಲ್ಲ. ಗ್ರಾಹಕರ ಗುರುತು ಪರಿಶೀಲಿಸೋ ಕೆವೈಸಿಗೆ ಕಣ್ಣು ಮಿಟುಕಿಸಿ ಅಂದರೆ, ಆಸಿಡ್ ದಾಳಿಯಿಂದ ಮಿಟುಕಿಸಲಾಗದವರು ಏನು ಮಾಡಬೇಕು? ಅಂಥವರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್ 30ರಂದು ತೀರ್ಪು ಬಂತು.

ವೆಬ್‌ಸೈಟ್ ಮಾಡೋ ಗೆಳೆಯರೇ, ಬಿಡುಗಡೆಗೆ ಮುಂಚೆ ಮೌಸ್ ಪಕ್ಕಕ್ಕಿಟ್ಟು, ಕೀಬೋರ್ಡ್‌ನಿಂದಲೇ ನಿಮ್ಮ ಅರ್ಜಿಯೊಂದನ್ನ ಪೂರ್ತಿ ತುಂಬಿ ನೋಡಿ.