ಕೈ ಏಳದಿದ್ದರೂ ಕರೆಯಬಹುದು, ಬರೆಯಬಹುದು

ಮುಖದ ಮೇಲೆ ಒಂದು ನೊಣ ಕುಳಿತಿದೆ. ಓಡಿಸಲು ಕೈ ಏಳುವುದಿಲ್ಲ. ತಾಯಿಯನ್ನು ಕರೆಯಬೇಕು. ಗದಗ ತಾಲ್ಲೂಕಿನ ಹಿರೇಹಂದಿಗೋಳದಂತಹ ಊರಿನ ಒಂದು ಮನೆ ಎಂದು ಭಾವಿಸಿಕೊಳ್ಳಿ. ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸದ್ದಿನಲ್ಲಿ ಮಗನ ಸಣ್ಣ ದನಿ ಅವಳ ಕಿವಿಗೆ ಮುಟ್ಟುವುದಿಲ್ಲ.

ಮರದಿಂದಲೋ ಮಾಳಿಗೆಯಿಂದಲೋ ಬಿದ್ದು, ಇಲ್ಲವೇ ಬೈಕ್ ಅಪಘಾತದಲ್ಲಿ ಕುತ್ತಿಗೆಯ ಭಾಗದ ಬೆನ್ನುಹುರಿಗೆ ಪೆಟ್ಟಾದರೆ ಎರಡೂ ಕೈ, ಎರಡೂ ಕಾಲುಗಳ ಸ್ವಾಧೀನ ತಪ್ಪಬಹುದು. ವೈದ್ಯರು ಇದನ್ನು ಕ್ವಾಡ್ರಿಪ್ಲೀಜಿಯಾ ಎನ್ನುತ್ತಾರೆ. ಬುದ್ಧಿ, ನೆನಪು, ದೃಷ್ಟಿಗೆ ಬೆನ್ನುಹುರಿಯ ಈ ಪೆಟ್ಟಿನಿಂದ ಏನೂ ಆಗುವುದಿಲ್ಲ. ಎದೆಯ ಸ್ನಾಯುಗಳು ಸೋಲುವುದರಿಂದ ದನಿ ಮಾತ್ರ ಕುಗ್ಗುತ್ತದೆ. ಹಾಗಾಗಿ ಇಂತಹವರಿಗೆ ಮೊದಲು ಬೇಕಾದ ಯಂತ್ರ ಕಂಪ್ಯೂಟರ್ ಅಲ್ಲ, ಕರೆಗಂಟೆ. ಅಂಗಡಿಯಲ್ಲಿ ಸಿಗುವ ವೈರ್ ಇಲ್ಲದ ಬೆಲ್ಲಿನ ಗುಂಡಿಯನ್ನು ಕೆನ್ನೆಗೋ ಮೊಣಕೈಗೋ ತಾಗುವಂತೆ ಕಟ್ಟಿ, ಬೆಲ್ಲನ್ನು ಅಡುಗೆ ಮನೆಯಲ್ಲಿಟ್ಟರಾಯಿತು.

ಇದು ಬರೀ ಅನುಕೂಲದ ಮಾತಲ್ಲ. ಕುತ್ತಿಗೆಗೆ ಪೆಟ್ಟಾದವರಲ್ಲಿ ಮೂತ್ರದ ನಳಿಕೆ ಮಡಚಿಕೊಂಡು ಮೂತ್ರಕೋಶ ತುಂಬಿದರೆ ಹಠಾತ್ತನೆ ತಲೆ ಸಿಡಿಯತೊಡಗುತ್ತದೆ, ಮುಖ ಬೆವರುತ್ತದೆ, ರಕ್ತದೊತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಕೂಡಲೇ ಎತ್ತಿ ಕೂರಿಸಿ, ಬಿಗಿಯಾದ ಉಡುಪು ಸಡಿಲಿಸಿ, ನಳಿಕೆಯನ್ನು ನೋಡಬೇಕು. ಆದರೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಓಡಬೇಕು. ಆ ಹೊತ್ತಿನಲ್ಲಿ ಕರೆಯಲು ಸಾಧ್ಯವಾಗುವುದೇ ಪ್ರಾಣ ಉಳಿಸುತ್ತದೆ.

ಇನ್ನು ಮನೆಯಲ್ಲಿರುವ ಮೊಬೈಲ್. 2017ರಿಂದ ಗೂಗಲ್ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಅಕ್ಷರವಾಗಿ ಮೂಡುತ್ತದೆ. ದನಿ ಸಾಲದವರಿಗೂ ದಾರಿ ಇದೆ. 2021ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಬಂದ ಒಂದು ಸೌಲಭ್ಯದಲ್ಲಿ ಫೋನಿನ ಕ್ಯಾಮರಾ ಮುಖವನ್ನೇ ಗಮನಿಸುತ್ತದೆ. ಹುಬ್ಬೇರಿಸಿದರೆ ಒಂದು ಆಜ್ಞೆ, ಮುಗುಳ್ನಕ್ಕರೆ ಇನ್ನೊಂದು, ಬಾಯಿ ತೆರೆದರೆ ಮತ್ತೊಂದು. ಸೆಟ್ಟಿಂಗ್ಸ್‌ನೊಳಗೆ ಅಡಗಿ ಕುಳಿತಿರುವ ಇದನ್ನು ಹುಡುಕಿ ಕೊಡುವ ಕೆಲಸ ಮನೆಯ ಕಾಲೇಜು ಹುಡುಗಿಯರದು.

ಮಣಿಕಟ್ಟು ಅಥವಾ ಮೊಣಕೈ ಸ್ವಲ್ಪವಾದರೂ ಆಡುವವರಿಗೆ ಇನ್ನೂ ಸರಳ ಉಪಾಯವಿದೆ, ಅದನ್ನು ಹೊಲಿಗೆ ಬಲ್ಲವರೇ ಮಾಡಿಕೊಡಬಹುದು. ಅಂಗೈ ಸುತ್ತ ಬರುವಷ್ಟು ಉದ್ದದ ಮೆತ್ತನೆಯ ಪಟ್ಟಿ, ಮುಚ್ಚಲು ವೆಲ್ಕ್ರೋ, ಅಂಗೈ ಕಡೆಗೆ ಒಂದು ಕಿಸೆ. ಆ ಕಿಸೆಯಲ್ಲಿ ಚಮಚ ಸಿಕ್ಕಿಸಿದರೆ ಊಟ, ಬ್ರಷ್ ಸಿಕ್ಕಿಸಿದರೆ ಹಲ್ಲುಜ್ಜುವುದು, ಟಚ್ ಪೆನ್ ಸಿಕ್ಕಿಸಿದರೆ ಮೊಬೈಲ್. ಚರ್ಮಕ್ಕೆ ಸ್ಪರ್ಶಜ್ಞಾನ ಇರುವುದಿಲ್ಲವಾದ್ದರಿಂದ ಪಟ್ಟಿ ಬಿಗಿಯಾಗಬಾರದು, ಹೊಲಿಗೆಯ ಗಂಟು ಒಳಮುಖವಾಗಿ ಒತ್ತಬಾರದು. ಮತ್ತೊಂದು ಮಾತು: ಬರೀ ಮರದ ಕಡ್ಡಿಯಿಂದ ಮುಟ್ಟಿದರೆ ಮೊಬೈಲ್ ಪರದೆ ಸುಮ್ಮನಿರುತ್ತದೆ. ಅದಕ್ಕೆಂದೇ ಮಾಡಿದ ಪೆನ್ ಬೇಕು.

2024ರ ಜನವರಿಯಲ್ಲಿ ಅಮೆರಿಕದಲ್ಲಿ ಒಬ್ಬ ತರುಣನ ಮಿದುಳಿನಲ್ಲಿ ನ್ಯೂರಾಲಿಂಕ್ ಚಿಪ್ ಕೂರಿಸಿದಾಗ ಪತ್ರಿಕೆಗಳು ಪುಟ ತುಂಬ ಬರೆದವು. ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಆತ ಮನಸ್ಸಿನಲ್ಲೇ ಚೆಸ್ ಕಾಯಿ ನಡೆಸಿದ. ಸಂತೋಷ. ಆದರೆ ಅಂಗೈ ಪಟ್ಟಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಮಾಡಿದ ಕೆಲಸವೂ ಹೆಚ್ಚು ಜನರಿಗೆ ತಿಳಿದಿಲ್ಲ. ಮಾತೂ ಬಾರದ, ಕೈಯೂ ಹಿಡಿತಕ್ಕೆ ಸಿಗದ ಮಕ್ಕಳು ಕಣ್ಣಿನ ನೋಟದಿಂದಲೇ ಯಂತ್ರದ ಕೈಯನ್ನು ಆಡಿಸುವಂತೆ ಈ ತಂಡ ಮಾಡಿತು. ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಜೊತೆಗೂಡಿ ನಡೆಸಿದ ಈ ಸಂಶೋಧನೆ 2020ರಲ್ಲಿ ಪ್ರಕಟವಾಯಿತು. ಆ ಯಂತ್ರದ ಕೈ ಬಟ್ಟೆಯ ಮೇಲೆ ಅಚ್ಚೊತ್ತಬಲ್ಲದು.

ಇವೆಲ್ಲ ಇಲ್ಲದ ಕಾಲವೂ ಇತ್ತು. 1970ರ ದಶಕದಲ್ಲಿ ಎಸ್. ರಾಮಕೃಷ್ಣನ್ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿ ಬೆಂಗಳೂರಿನಲ್ಲಿ ನೌಕಾಪಡೆಯ ಅಧಿಕಾರಿ ಆಯ್ಕೆ ಪರೀಕ್ಷೆಗೆ ಬಂದು, ಬಿದ್ದು, ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ತಮಿಳುನಾಡಿನ ತಮ್ಮ ಊರು ಆಯ್ಕುಡಿಗೆ ಮರಳಿ, 1981ರಲ್ಲಿ ಅಮರ್ ಸೇವಾ ಸಂಗಮ್ ಕಟ್ಟಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸಹಾಯ ಎಲ್ಲಿ ಕೇಳಬೇಕು? ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಯುಡಿಐಡಿ ಕಾರ್ಡು ಮೊದಲು ಆಗಲಿ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಎಪಿಡಿ ಸಂಸ್ಥೆ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಗೂ ಕೆಲಸ ಮಾಡುತ್ತದೆ.

ಮೊಬೈಲ್ ಕೈಗೂಡಿದ ಮೇಲೆ ಒಂದು ಎಚ್ಚರ ಬೇಕು. ಪರದೆ ನೋಡುತ್ತ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಉಳಿದರೆ ಹಾಸಿಗೆ ಹುಣ್ಣು ಬರುತ್ತದೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಅದೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿಯನ್ನು ಮನೆಯವರು ಮರೆಯುತ್ತಾರೆ. ಮಾತಿನಿಂದ ಬರೆಯುವಾಗ ಬರೆದದ್ದೆಲ್ಲ ಮನೆಮಂದಿಯ ಕಿವಿಗೆ ಬೀಳುತ್ತದೆ. ವರ್ಷಗಟ್ಟಲೆ ಸ್ನಾನ, ಶೌಚಕ್ಕೂ ಇನ್ನೊಬ್ಬರ ಕೈ ಕಾದ ಹೆಣ್ಣುಮಗಳಿಗೆ ಗೆಳತಿಗೆ ಬರೆಯುವ ನಾಲ್ಕು ಸಾಲಾದರೂ ತನ್ನದೇ ಆಗಿರಲಿ. ಅವಳು ಮೊಬೈಲ್ ಕೇಳಿದಾಗ ಕಣ್ಣಳತೆಗೆ ಇಟ್ಟು, ಬೆಲ್ಲಿನ ಗುಂಡಿ ಕೆನ್ನೆಯ ಹತ್ತಿರವಿದೆಯೇ ಎಂದು ನೋಡಿ, ಬಾಗಿಲು ಮುಂದೆ ಮಾಡಿ ಬನ್ನಿ.