ನಳದುರ್ಗದ ಟೇಲರ್ ಸಾಹೇಬರು



ಉಮರ್ಗಾದಿಂದ ಸೋಲಾಪುರಕ್ಕೆ ಹೋಗುವ ದಾರಿಯಲ್ಲಿ ನಳದುರ್ಗದ ಕಿಲ್ಲೆಯನ್ನು ನೀವೆಲ್ಲ ನೋಡಿದ್ದೀರಿ. ಬೋರಿ ನದಿಗೆ ಅಡ್ಡ ಕಟ್ಟಿದ ಪಾಣಿ ಮಹಲನ್ನೂ ಕಂಡಿದ್ದೀರಿ. ಆ ಸೀಮೆಯನ್ನು ಒಂದು ಕಾಲಕ್ಕೆ ಆಳಿದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಅವರ ಸಮಾಧಿ ಮಾತ್ರ ನಮ್ಮ ನಾಡಿನಲ್ಲಿಲ್ಲ. ದೂರದ ಫ್ರಾನ್ಸ್ ದೇಶದ ಮಾಂಟೋನ್ ಎಂಬ ಕಡಲತೀರದ ಊರಿನಲ್ಲಿದೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗ ಮುಂಬಯಿಗೆ ಬಂದದ್ದು ವ್ಯಾಪಾರಿಯ ಅಂಗಡಿಯ ಕೆಲಸಕ್ಕೆ. ಅದು ಕೈಗೂಡಲಿಲ್ಲ. 1824ರಲ್ಲಿ ನಿಜಾಮರ ಸೈನ್ಯ ಸೇರಿದರು. ನಮ್ಮ ಜನರ ಮಾತು, ರೀತಿನೀತಿ ಕಲಿತರು. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ಅವರ ಪಾಲಿಗೆ ಬಂತು. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಎಳೆಯ ಬಾಲಕ. ಅವನು ಟೇಲರರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು.

1853ರಲ್ಲಿ ನಿಜಾಮರು ಸಾಲದ ಬಾಕಿಗಾಗಿ ವರ್ಹಾಡ, ರಾಯಚೂರು ದೋಆಬ, ನಳದುರ್ಗ ಸೀಮೆಗಳನ್ನು ಕಂಪನಿ ಸರಕಾರದ ವಶಕ್ಕೆ ಬಿಟ್ಟುಕೊಟ್ಟರು. ಟೇಲರ್ ನಳದುರ್ಗಕ್ಕೆ ಬಂದರು. ಭೂಮಿ ಮೋಜಣಿ, ಕಂದಾಯದ ವ್ಯವಸ್ಥೆ, ರಸ್ತೆ ಇವು ಅವರ ಕೆಲಸಗಳು. ರೈತನ ಲೆಕ್ಕ ಸರಿಯಾಗಿದ್ದರೆ ರಾಜ್ಯದ ಲೆಕ್ಕವೂ ಸರಿ ಎಂಬುದು ಬ್ಯಾಂಕಿನ ಖಾತೆ ಬರೆದ ನನ್ನಂಥವನಿಗೆ ಸುಲಭವಾಗಿ ತಿಳಿಯುತ್ತದೆ.

1857ರಲ್ಲಿ ಯುದ್ಧದ ಬೆಂಕಿ ಹೊತ್ತಿಕೊಂಡಾಗ ಟೇಲರರನ್ನು ವರ್ಹಾಡದ ಬುಲ್ಢಾಣಕ್ಕೆ ಕಳಿಸಿದರು. ಕೊಡಲು ಸೈನ್ಯವಿರಲಿಲ್ಲ. ಜನರೊಡನೆ ಮಾತು-ಕತೆಯಿಂದಲೇ ಅಲ್ಲಿ ಶಾಂತಿ ಕಾಪಾಡಿದರು. ಆದರೆ ಅದೇ ಹೊತ್ತಿಗೆ ತಮ್ಮ ಸರಕಾರದ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತುಗಳನ್ನೂ ಕೂಡಿಸಿಕೊಟ್ಟರು ಎಂಬುದನ್ನು ಮರೆಯಬಾರದು.

ಅತ್ತ ಸುರಪುರದಲ್ಲಿ 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದನು. ಸೋತು ಹೈದರಾಬಾದಿನಲ್ಲಿ ಸೆರೆಯಾದನು. ಸಾಕಿದವರೇ ಸೆರೆಮನೆಗೆ ಹೋಗಿ ಆ ತರುಣನನ್ನು ನೋಡಬೇಕಾಯಿತು! ಮರಣದಂಡನೆ ತಪ್ಪಿ ನಾಲ್ಕು ವರ್ಷದ ಬಂಧನವೆಂದು ತೀರ್ಮಾನವಾಯಿತು. ಆದರೆ ದಾರಿಯಲ್ಲಿ ಗುಂಡಿಗೆ ರಾಜ ಬಲಿಯಾದನು. ತನ್ನ ಕೈಯಿಂದಲೇ ಎಂದು ಟೇಲರ್ ಬರೆದಿದ್ದಾರೆ. ಸುರಪುರದ ಆಡಳಿತ ಮತ್ತೆ ಟೇಲರರ ಕೈಗೇ ಬಂತು.

1860ರಲ್ಲಿ ಟೇಲರ್ ನಿವೃತ್ತರಾದರು. ಅದೇ ವರ್ಷ ನಳದುರ್ಗ, ರಾಯಚೂರು ಸೀಮೆಗಳು ನಿಜಾಮರಿಗೆ ಮರಳಿದವು. ಸುರಪುರವೂ ನಿಜಾಮರಿಗೇ ಸೇರಿತು. ಮುಂದೆ ಟೇಲರ್ ಬರೆದ ‘ತಾರಾ’ ಕಾದಂಬರಿಯಲ್ಲಿ ನಮ್ಮ ತುಳಜಾಪುರವೇ ಬರುತ್ತದೆ. 1875ರಲ್ಲಿ, ಕಣ್ಣು ಮಂಜಾದ ಮೇಲೂ, ಈ ದೇಶಕ್ಕೆ ಇನ್ನೊಮ್ಮೆ ಬಂದರು. ಜ್ವರ ಹಿಡಿದು, ಮರಳುವ ಹಾದಿಯಲ್ಲಿ, 1876ರ ಮೇ 13ರಂದು ಮಾಂಟೋನ್‌ನಲ್ಲಿ ತೀರಿಕೊಂಡರು.

ಒಳ್ಳೆಯ ಅಧಿಕಾರಿ ಎನ್ನಬೇಕೋ, ಪರಕೀಯ ಆಳ್ವಿಕೆಯ ಆಳು ಎನ್ನಬೇಕೋ? ಎರಡೂ ನಿಜ. ಜಮಾ ಬರೆದು ಖರ್ಚು ಮುಚ್ಚಿಟ್ಟರೆ ಅದು ಲೆಕ್ಕವಲ್ಲ. ನಳದುರ್ಗ ತೋರಿಸುವಾಗ ನಿಮ್ಮ ಮಕ್ಕಳಿಗೆ, ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ, ಟೇಲರರ ಹೆಸರು ಹೇಳಿರಿ. ಜೊತೆಗೆ ವೆಂಕಟಪ್ಪ ನಾಯಕನ ಹೆಸರನ್ನೂ ಹೇಳಿರಿ.