ಲಾರಿ ಹೊಗೆ ತಪಾಸಣೆ: ಮೀಟರ್ ನೋಡೋದೇನು, ಬಿಡೋದೇನು?

ಹೊಗೆ ತಪಾಸಣೆ ಕೇಂದ್ರದಲ್ಲಿ ಡೀಸೆಲ್ ಲಾರಿಯನ್ನ ಹೇಗೆ ಪರೀಕ್ಷೆ ಮಾಡ್ತಾರೆ ಗೊತ್ತಾ?

ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಸೈಲೆನ್ಸರ್ ಪೈಪಿಗೆ ಸ್ಮೋಕ್ ಮೀಟರಿನ ಕೊಳವೆ ತೂರಿಸ್ತಾರೆ. ಆಮೇಲೆ ಆಕ್ಸಿಲರೇಟರನ್ನ ಒಂದೇ ಸಲಕ್ಕೆ ಪೂರ್ತಿ ಒತ್ತಿ ಬಿಡಬೇಕು. ಹೀಗೆ ಹಲವು ಬಾರಿ. ಮೀಟರಿನೊಳಗೆ ಹಾಯುವ ಬೆಳಕನ್ನ ಹೊಗೆ ಎಷ್ಟು ತಡೀತು ಅನ್ನೋದೇ ಫಲಿತಾಂಶ.

ಬಿಎಸ್ ಅಂದ್ರೆ ಭಾರತ್ ಸ್ಟೇಜ್, ಗಾಡಿಗಳ ಹೊಗೆಗೆ ಸರ್ಕಾರ ಇಟ್ಟ ಮಾನದಂಡ. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಹೊಗೆ ದಟ್ಟಣೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್. ಬಿಎಸ್-4 ಗಾಡಿಗೆ 50.

ಆದರೆ ಈ ಮೀಟರಿಗೆ ಸಿಗೋದು ಮಸಿ ಮಾತ್ರ. ನೈಟ್ರೋಜನ್ ಆಕ್ಸೈಡ್ ಸಿಗಲ್ಲ. ಉಸಿರಾಟದ ತೊಂದರೆ ಹೆಚ್ಚಿಸೋ ಅನಿಲ ಇದು.

2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಗೆ ಬಂತು. ಭಾರಿ ಡೀಸೆಲ್ ಎಂಜಿನ್ನು ಪ್ರತಿ ಕಿಲೋವ್ಯಾಟ್-ಗಂಟೆಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ 3.5 ಗ್ರಾಂನಿಂದ 0.46 ಗ್ರಾಂಗೆ ಇಳೀತು. ಅದಕ್ಕೇ ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆಗೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇರುತ್ತೆ. ಅದರಲ್ಲಿರೋದು ಡಿಇಎಫ್, ಅಂದ್ರೆ ನೂರಕ್ಕೆ 32.5 ಭಾಗ ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಬಿಸಿ ಹೊಗೆಗೆ ಇದನ್ನ ಸಿಂಪಡಿಸಿದಾಗ ಅಮೋನಿಯಾ ಹುಟ್ಟಿ, ಅದು ನೈಟ್ರೋಜನ್ ಆಕ್ಸೈಡನ್ನ ಸಾರಜನಕ ಮತ್ತು ನೀರಾವಿಯಾಗಿ ಬದಲಿಸುತ್ತೆ.

ಖರ್ಚು ಉಳಿಸೋಕೆ ಕೆಲವರು ಈ ವ್ಯವಸ್ಥೆಯನ್ನೇ ಬೈಪಾಸ್ ಮಾಡಿಸ್ತಾರೆ. ಹೊಗೆ ಕಪ್ಪಗಿಲ್ಲದಿದ್ದರೆ ಸ್ಮೋಕ್ ಮೀಟರಿನಲ್ಲಿ ಅಂಥ ಗಾಡಿ ಪಾಸ್ ಆಗಿಬಿಡಬಹುದು!

ಹಾಗಾಗಿ ತಪಾಸಣೆ ವೇಳೆ ಗಾಡಿಯ ಒಬಿಡಿಯನ್ನೂ, ಅಂದ್ರೆ ದೋಷಗಳನ್ನ ಪತ್ತೆಹಚ್ಚೋ ಒಳಗಿನ ಕಂಪ್ಯೂಟರನ್ನೂ, ಓದಲೇಬೇಕು. ಮಾಲೀಕರೇ, ಬೈಪಾಸ್ ಮಾಡಿಸಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹೊತ್ತಿದರೆ ಅದೇ ದಿನ ಮೆಕ್ಯಾನಿಕ್‌ಗೆ ತೋರಿಸಿ. ಹೆದ್ದಾರಿ ಪಕ್ಕದ ಮನೆಗಳ ಮಕ್ಕಳು ಉಸಿರಾಡೋದು ಇದೇ ಗಾಳಿಯನ್ನ.